ಭಾಗ ಆಗೋಕೆ ಮುಂಚೆ ವ್ಯಾಪಾರದ ಮಾತು: ಬ್ರೆಕ್ಸಿಟ್ ಟೈಮಲ್ಲಿ ಬ್ರಿಟನ್ ಕೈ ಕಟ್ಟಿ ಹಾಕಿದ್ದು ಯಾವ ಕಾನೂನು?

2016ರ ನವೆಂಬರ್ 8. ಬೆಂಗಳೂರಿನವರಿಗೆ ಆ ದಿನ ನೆನಪಿರೋದು ರಾತ್ರಿ 8 ಗಂಟೆಗೆ ಟಿವಿಲಿ 500, 1000ದ ನೋಟು ಇನ್ಮೇಲೆ ನಡೆಯಲ್ಲ ಅಂತ ಬಂತಲ್ಲ, ಅದಕ್ಕೆ. ಆದ್ರೆ ಅದೇ ದಿನ ಹಗಲು ಹೊತ್ತಲ್ಲಿ ಬ್ರಿಟನ್ ಪ್ರಧಾನಿ ತೆರೇಸಾ ಮೇ ಬೆಂಗಳೂರಲ್ಲಿದ್ರು, ಸೀರೆ ಉಟ್ಕೊಂಡು ಹಲಸೂರಿನ ಸೋಮೇಶ್ವರ ದೇವಸ್ಥಾನಕ್ಕೆ ಹೋಗಿದ್ರು, ಒಂದು ಸರ್ಕಾರಿ ಶಾಲೆಗೂ ಹೋಗಿ ಮಕ್ಕಳನ್ನ ಮಾತಾಡಿಸಿ ಬಂದಿದ್ರು. ಐರೋಪ್ಯ ಒಕ್ಕೂಟ ಬಿಡ್ಬೇಕು ಅಂತ ಬ್ರಿಟನ್ ಜನ ವೋಟ್ ಹಾಕಿ ಆಗಿನ್ನೂ ಐದು ತಿಂಗಳು ತುಂಬಿರ್ಲಿಲ್ಲ. ಮೇ ಜೊತೆ ಉದ್ಯಮಿಗಳ ಒಂದು ದಂಡೇ ಬಂದಿತ್ತು, ನಾವು ಒಕ್ಕೂಟದ ಆಚೆನೂ ಬದುಕ್ತೀವಿ, ಇಂಡಿಯಾದಂಥ ದೊಡ್ಡ ಮಾರ್ಕೆಟ್ ಜೊತೆ ನಾವೇ ನೇರವಾಗಿ ವ್ಯವಹಾರ ಮಾಡ್ಕೋತೀವಿ ಅಂತ ತೋರಿಸ್ಬೇಕಿತ್ತು ಅವರಿಗೆ.

ಆದ್ರೆ ಆ ಟ್ರಿಪ್ಪಲ್ಲಿ ಅವರು "ನಮ್ಮ ಸ್ಕಾಚ್ ಮೇಲೆ ನೀವು ಹಾಕೋ 150 ಪರ್ಸೆಂಟ್ ಸುಂಕ ಇಳಿಸಿ, ನಿಮ್ಮ ಬಟ್ಟೆ ಮೇಲಿನ ಸುಂಕ ನಾವು ತೆಗೀತೀವಿ" ಅಂತ ಒಂದು ಕಾಗದಕ್ಕೆ ಸಹಿ ಹಾಕೋ ಹಾಗೇ ಇರ್ಲಿಲ್ಲ. ಮನಸ್ಸಿತ್ತು, ಅಧಿಕಾರ ಇರ್ಲಿಲ್ಲ. ಕೊನೆಗೆ ಆಗಿದ್ದು ವ್ಯಾಪಾರದ ಬಗ್ಗೆ ಒಂದು ಜಂಟಿ ವರ್ಕಿಂಗ್ ಗ್ರೂಪ್ ಮಾಡೋಣ ಅನ್ನೋ ತೀರ್ಮಾನ, ಅಷ್ಟೇ. ಇದು ಯಾಕೆ ಹೀಗೆ, ಒಂದು ದೇಶ ಒಕ್ಕೂಟ ಬಿಡ್ತೀನಿ ಅಂತ ಹೇಳಿದ್ಮೇಲೂ ಅದರ ಕೈ ಯಾಕೆ ಕಟ್ಟಿರುತ್ತೆ, ಮತ್ತೆ ಆ ಕಟ್ಟು ಎಲ್ಲಿವರೆಗೆ ಇತ್ತು, ಎಲ್ಲಿ ಇರ್ಲೇ ಇಲ್ಲ ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡ್ಬೇಕು, ಯಾಕಂದ್ರೆ ಇದರಲ್ಲಿ ನಮ್ಮ ಬೆಂಗಳೂರಿನ ಐಟಿ ಜನಕ್ಕೆ ಸಂಬಂಧಪಟ್ಟ ಒಂದು ವಿಷ್ಯ ಇದೆ, ಅದರ ಬಗ್ಗೆ ಯಾರೂ ಜೋರಾಗಿ ಮಾತಾಡ್ಲಿಲ್ಲ ಅನ್ನೋದು ನನ್ನ ಬೇಜಾರು.

ಕಾನೂನಿನ ಬೇರು ಎಲ್ಲಿದೆ ಅಂದ್ರೆ ಒಕ್ಕೂಟದ ಎರಡು ಮೂಲ ಒಪ್ಪಂದಗಳಲ್ಲಿ ಒಂದಾದ ಕಾರ್ಯನಿರ್ವಹಣೆ ಒಪ್ಪಂದದ 3ನೇ ವಿಧಿಲಿ. ಸುಂಕ ಒಕ್ಕೂಟ (ಒಳಗಿನ ದೇಶಗಳ ನಡುವೆ ಸುಂಕ ಇಲ್ಲ, ಹೊರಗಿಂದ ಬರೋದಕ್ಕೆ ಎಲ್ಲ ಕಡೆ ಒಂದೇ ಸುಂಕ) ಮತ್ತೆ ಹೊರದೇಶಗಳ ಜೊತೆಗಿನ ವ್ಯಾಪಾರ ನೀತಿ, ಇವೆರಡೂ ಪೂರ್ತಿಯಾಗಿ ಒಕ್ಕೂಟದ ಅಧಿಕಾರ, ಸದಸ್ಯ ದೇಶಗಳದ್ದಲ್ಲ ಅಂತ ಅಲ್ಲಿ ಬರೆದಿದೆ. 207ನೇ ವಿಧಿ ಅದನ್ನ ಹೇಗೆ ನಡೆಸ್ಬೇಕು ಅಂತ ಹೇಳುತ್ತೆ: ಒಕ್ಕೂಟದ ಆಡಳಿತ ನಡೆಸೋ ಯುರೋಪಿಯನ್ ಕಮಿಷನ್ ಎಲ್ಲಾ ದೇಶಗಳ ಪರವಾಗಿ ಮಾತಾಡುತ್ತೆ, ಸದಸ್ಯ ದೇಶಗಳ ಮಂತ್ರಿಗಳ ಕೌನ್ಸಿಲ್ ಅದಕ್ಕೆ ಮ್ಯಾಂಡೇಟ್, ಅಂದ್ರೆ ಮಾತಾಡೋ ಅಧಿಕಾರ ಕೊಡುತ್ತೆ. ಜರ್ಮನಿ ಎಷ್ಟೇ ದೊಡ್ಡದಿರ್ಲಿ, ಮಾಲ್ಟಾ ಎಷ್ಟೇ ಚಿಕ್ಕದಿರ್ಲಿ, ಕಾರಿಗೆ ಎಷ್ಟು ಸುಂಕ ಅಂತ ಅದು ಒಂಟಿಯಾಗಿ ತೀರ್ಮಾನ ಮಾಡಂಗಿಲ್ಲ.

ನಮಗೆ ಇದು ಹೊಸದೇನಲ್ಲ. ಕರ್ನಾಟಕ ಸರ್ಕಾರದ ಮಂತ್ರಿಗಳು ಹೊರದೇಶಕ್ಕೆ ಹೋಗ್ತಾರೆ, ಬಂಡವಾಳ ಹೂಡಿ ಅಂತ ಕರೀತಾರೆ, ಎಂಒಯು ಮಾಡ್ಕೋತಾರೆ, ಜಾಗ ಕೊಡ್ತೀವಿ ಕರೆಂಟ್ ಕೊಡ್ತೀವಿ ಅಂತಾರೆ. ಆದ್ರೆ ಕೊಡಗಿನ ಕಾಫಿಗೆ ಇಟಲಿಲಿ ಸುಂಕ ಕಡಿಮೆ ಮಾಡ್ಸೋ ಒಪ್ಪಂದ ಕರ್ನಾಟಕ ಮಾಡೋಕಾಗಲ್ಲ, ಯಾಕಂದ್ರೆ ನಮ್ಮ ಸಂವಿಧಾನದ ಏಳನೇ ಶೆಡ್ಯೂಲಿನ ಕೇಂದ್ರ ಪಟ್ಟಿಲಿ 14ನೇ ನಮೂದು ವಿದೇಶಿ ಒಪ್ಪಂದಗಳದ್ದು, 41ನೇದು ವಿದೇಶಿ ವ್ಯಾಪಾರ, 83ನೇದು ಕಸ್ಟಮ್ಸ್ ಸುಂಕ, ಮೂರೂ ದೆಹಲಿ ಕೈಲಿ. ವ್ಯಾಪಾರದ ವಿಷಯದಲ್ಲಿ ಲಂಡನ್ನಿಗೂ ಒಕ್ಕೂಟದ ಕಚೇರಿಗಳಿರೋ ಬ್ರಸೆಲ್ಸ್‌ಗೂ ಇದ್ದ ಸಂಬಂಧ ಹೆಚ್ಚುಕಡಿಮೆ ಇದೇ ಥರದ್ದು. ಒಂದೇ ವ್ಯತ್ಯಾಸ, ಬ್ರಿಟನ್ ಸಾರ್ವಭೌಮ ದೇಶ, ಆ ಅಧಿಕಾರವನ್ನ ತಾನೇ ಒಪ್ಪಿ ಕೊಟ್ಟಿತ್ತು, ವಾಪಸ್ ತಗೊಳ್ಳೋ ಹಕ್ಕೂ ಇತ್ತು. ಆ ವಾಪಸ್ ತಗೊಳ್ಳೋ ದಾರಿನೇ ಇನ್ನೊಂದು ಮೂಲ ಒಪ್ಪಂದದ, ಅಂದ್ರೆ ಐರೋಪ್ಯ ಒಕ್ಕೂಟ ಒಪ್ಪಂದದ 50ನೇ ವಿಧಿ.

ಇಲ್ಲಿ ತುಂಬ ಜನ ಎಡವಿದ್ರು. 2016ರ ಜೂನ್ 23ಕ್ಕೆ ವೋಟ್ ಆದ ತಕ್ಷಣ ಬ್ರಿಟನ್ ಆಚೆ ಬಂತು ಅಂದ್ಕೊಂಡ್ರು. ಇಲ್ಲ. 50ನೇ ವಿಧಿ ಪ್ರಕಾರ ಮೊದ್ಲು ಲಿಖಿತವಾಗಿ ನೋಟಿಸ್ ಕೊಡ್ಬೇಕು, ಅದನ್ನ ಕೊಟ್ಟಿದ್ದು 2017ರ ಮಾರ್ಚ್ 29ಕ್ಕೆ. ನೋಟಿಸ್ ಕೊಟ್ಟ ಮೇಲೂ ಬಿಡುಗಡೆ ಒಪ್ಪಂದ ಜಾರಿಗೆ ಬರೋವರೆಗೆ, ಇಲ್ಲಾಂದ್ರೆ ಎರಡು ವರ್ಷ ತುಂಬೋವರೆಗೆ ಹಳೇ ಒಪ್ಪಂದಗಳು ಪೂರ್ತಿ ಅನ್ವಯ ಆಗ್ತವೆ, ಆ ಟೈಮನ್ನ ಎಲ್ಲರೂ ಒಪ್ಪಿ ಮುಂದಕ್ಕೆ ಹಾಕ್ಬೋದು, ಹಾಕಿದ್ರು ಕೂಡ. ಒಕ್ಕೂಟದ ನ್ಯಾಯಾಲಯ 2018ರಲ್ಲಿ ಎರಡು ಕಡೆ ಇದನ್ನ ಬಿಡಿಸಿ ಹೇಳ್ತು. ಸೆಪ್ಟೆಂಬರಲ್ಲಿ ಐರ್ಲೆಂಡಿಂದ ಬಂದ ಒಂದು ಅರೆಸ್ಟ್ ವಾರಂಟ್ ಕೇಸಲ್ಲಿ, ಬ್ರಿಟನ್ ನೋಟಿಸ್ ಕೊಟ್ಟಿದೆ ಅನ್ನೋ ಒಂದೇ ಕಾರಣಕ್ಕೆ ಒಕ್ಕೂಟದ ಕಾನೂನು ಅಲ್ಲಿ ನಿಂತು ಹೋಗಲ್ಲ ಅಂತು. ಡಿಸೆಂಬರ್ 10ಕ್ಕೆ ವೈಟ್‌ಮನ್ ಕೇಸಲ್ಲಿ, ಬ್ರಿಟನ್‌ಗೆ ಬೇಕಾದ್ರೆ ಆ ನೋಟಿಸನ್ನ ಯಾರನ್ನೂ ಕೇಳ್ದೆ ವಾಪಸ್ ತಗೋಬೋದು ಅಂತು. ಅಂದ್ರೆ ಆಚೆ ಹೋಗೋ ದಿನದವರೆಗೆ ಅದು ಪೂರ್ತಿ ಸದಸ್ಯ, ಅರ್ಧ ಸದಸ್ಯ ಅನ್ನೋದು ಕಾನೂನಲ್ಲಿ ಇಲ್ವೇ ಇಲ್ಲ.

ಸರಿ, ಸಹಿ ಹಾಕೋಕಾಗಲ್ಲ, ಒಪ್ಪಿದ್ದಾಯ್ತು. ಮಾತಾಡೋಕೂ ಆಗಲ್ವಾ? ನಿಜವಾದ ಕಾನೂನು ಜಗಳ ಇದ್ದಿದ್ದೇ ಇಲ್ಲಿ, ಮತ್ತೆ ಎರಡೂ ಕಡೆ ವಾದಕ್ಕೆ ಬಲ ಇತ್ತು ಅಂತ ನಂಗನ್ಸುತ್ತೆ.

ಬ್ರಿಟನ್ ಪರ ವಾದ ಹೀಗೆ: ಕಾರ್ಯನಿರ್ವಹಣೆ ಒಪ್ಪಂದದ 2ನೇ ವಿಧಿ ಓದಿ ನೋಡಿ, ಒಕ್ಕೂಟದ ಪೂರ್ತಿ ಅಧಿಕಾರ ಇರೋ ವಿಷಯದಲ್ಲಿ ಕಾನೂನು ಮಾಡೋದು ಮತ್ತೆ ಬಂಧಿಸೋ ಅಂಥ ತೀರ್ಮಾನ ತಗೊಳ್ಳೋದು ಮಾತ್ರ ಸದಸ್ಯ ದೇಶಕ್ಕೆ ಆಗಲ್ಲ ಅಂತಿದೆ, ಟೇಬಲ್ ಮುಂದೆ ಕೂತು ಮುಂದೊಂದು ದಿನ ಏನು ಮಾಡೋಣ ಅಂತ ಮಾತಾಡೋದು ಬಂಧಿಸೋ ತೀರ್ಮಾನ ಅಲ್ಲ, ಅದೂ ಅಲ್ದೆ ಆ ಒಪ್ಪಂದ ಜಾರಿಗೆ ಬರೋದು ನಾವು ಸದಸ್ಯ ಅಲ್ಲದ ದಿನದಿಂದ, ಆಗ ಒಕ್ಕೂಟದ ಅಧಿಕಾರಕ್ಕೆ ಎಲ್ಲಿ ಧಕ್ಕೆ? ಅಕ್ಷರಕ್ಕೆ ಅಕ್ಷರ ಇಟ್ಟು ಓದಿದ್ರೆ ಇದು ಸುಳ್ಳಲ್ಲ.

ಆದ್ರೆ 50ನೇ ವಿಧಿ ಇರೋ ಆ ಇನ್ನೊಂದು ಒಪ್ಪಂದದ 4ನೇ ವಿಧಿಯ ಮೂರನೇ ಪ್ಯಾರಾ ಇದೆ, ಪ್ರಾಮಾಣಿಕ ಸಹಕಾರದ ಕರ್ತವ್ಯ. ಒಕ್ಕೂಟದ ಉದ್ದೇಶಕ್ಕೆ ಅಡ್ಡಿ ಆಗೋ ಯಾವ ಕೆಲಸನೂ ಸದಸ್ಯ ದೇಶ ಮಾಡ್ಬಾರ್ದು ಅಂತ. ಕೇಳೋಕೆ ಬರೀ ಒಳ್ಳೆ ಮಾತಿನ ಥರ ಇದೆ, ಆದ್ರೆ ನ್ಯಾಯಾಲಯ ಅದಕ್ಕೆ ಹಲ್ಲು ಕೊಟ್ಟಿದೆ. ಲಕ್ಸೆಂಬರ್ಗ್ ಅನ್ನೋ ಪುಟ್ಟ ದೇಶದ ಕೇಸ್ ನೋಡಿ. 1992ರ ಡಿಸೆಂಬರಲ್ಲಿ ನದಿ ಕಾಲುವೆಗಳ ಹಡಗು ಸಾಗಾಟದ ಬಗ್ಗೆ ಪೂರ್ವ ಯುರೋಪಿನ ದೇಶಗಳ ಜೊತೆ ಮಾತಾಡೋಕೆ ಕಮಿಷನ್‌ಗೆ ಮ್ಯಾಂಡೇಟ್ ಸಿಕ್ತು. ಅದು ನಡೀತಿರ್ಬೇಕಾದ್ರೇ ಲಕ್ಸೆಂಬರ್ಗ್ ರೊಮೇನಿಯಾ, ಪೋಲೆಂಡ್ ಜೊತೆ ತನ್ನದೇ ಬೇರೆ ಒಪ್ಪಂದ ಮಾಡ್ಕೊಂಡ್ತು. ನ್ಯಾಯಾಲಯ 2005ರಲ್ಲಿ ಅದು ತಪ್ಪು ಅಂತು, ಅದೂ ಹೇಗೆ, ಆ ವಿಷ್ಯ ಒಕ್ಕೂಟದ ಪೂರ್ತಿ ಅಧಿಕಾರದ್ದೋ ಅಲ್ವೋ ಅನ್ನೋದು ಇಲ್ಲಿ ಮುಖ್ಯ ಅಲ್ಲ, ಕಮಿಷನ್‌ಗೆ ಮಾತುಕತೆಯ ಜವಾಬ್ದಾರಿ ಕೊಟ್ಟ ಮೇಲೆ ಪಕ್ಕದಲ್ಲಿ ನಿಂದೇ ಇನ್ನೊಂದು ಅಂಗಡಿ ತೆರೆಯಂಗಿಲ್ಲ ಅನ್ನೋ ಅರ್ಥದಲ್ಲಿ. ಅದೇ ವರ್ಷ ಜರ್ಮನಿಗೂ ಇದೇ ತೀರ್ಪು ಬಂತು. 2010ರಲ್ಲಿ ಸ್ವೀಡನ್ ಸರದಿ, ಒಂದು ವಿಷಕಾರಿ ಕೆಮಿಕಲ್ಲನ್ನ ಅಂತರರಾಷ್ಟ್ರೀಯ ನಿಷೇಧ ಪಟ್ಟಿಗೆ ಸೇರ್ಸಿ ಅಂತ ಒಂಟಿಯಾಗಿ ಪ್ರಸ್ತಾಪ ಇಟ್ಟಿದ್ದಕ್ಕೆ ತಪ್ಪಿತಸ್ಥ ಆಯ್ತು. ಅದು ಬರೀ ಪ್ರಸ್ತಾಪ! ಒಪ್ಪಂದಕ್ಕೆ ಸಹಿ ಕೂಡ ಅಲ್ಲ.

ಈಗ ಇಂಡಿಯಾಕ್ಕೆ ಬನ್ನಿ. ನಮ್ಮ ಜೊತೆ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಒಕ್ಕೂಟ 2007ರಿಂದ ನಡೆಸ್ತಿತ್ತು, 2013ರಲ್ಲಿ ನಿಂತಿತ್ತು, ಆದ್ರೆ ಮ್ಯಾಂಡೇಟ್ ಇತ್ತು. ಅಮೆರಿಕದ ಜೊತೆನೂ 2013ರಿಂದ ಮಾತುಕತೆ. ಹಾಗಾಗಿ ಬ್ರಿಟನ್ ಅತಿ ಆಸೆಯಿಂದ ನೋಡ್ತಿದ್ದ ಎರಡು ದೊಡ್ಡ ದೇಶಗಳ ವಿಷಯದಲ್ಲೇ ಲಕ್ಸೆಂಬರ್ಗ್ ತೀರ್ಪು ನೇರವಾಗಿ ಬಂದು ಕೂರುತ್ತೆ. ಅದಕ್ಕಿಂತ ಸೂಕ್ಷ್ಮದ ವಿಷ್ಯ ಇನ್ನೊಂದಿದೆ. ಸದಸ್ಯ ದೇಶ ಆಗಿರೋವರೆಗೆ ಬ್ರಿಟನ್ ಅಧಿಕಾರಿಗಳು ಬ್ರಸೆಲ್ಸಿನ ವ್ಯಾಪಾರ ಸಮಿತಿಲಿ ಕೂರ್ತಿದ್ರು, ಇಂಡಿಯಾ ಜೊತೆ ಎಲ್ಲಿವರೆಗೆ ಬಗ್ಗೋದು, ಯಾವುದನ್ನ ಬಿಟ್ಟು ಕೊಡಬಾರ್ದು ಅನ್ನೋ ಒಳಮಾತೆಲ್ಲ ಅವರ ಮುಂದೇನೇ ಆಗುತ್ತೆ. ಬೆಳಗ್ಗೆ ಅಲ್ಲಿ ಕೂತವರು ಸಾಯಂಕಾಲ ದೆಹಲಿಲಿ ತಮ್ಮದೇ ಡೀಲಿಗೆ ಕೂತ್ರೆ ಉಳಿದ 27 ದೇಶದವರಿಗೆ ಹೇಗನ್ಸುತ್ತೆ?

ನಮ್ಮ ಹಳ್ಳಿಗಳಲ್ಲಿ ಅಣ್ತಮ್ಮಂದಿರ ಭಾಗ ಆಗೋದನ್ನ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಪಾಲುಪಟ್ಟಿ ರಿಜಿಸ್ಟರ್ ಆಗಿಲ್ಲ, ಪಹಣಿ ಇನ್ನೂ ಜಂಟಿಲೇ ಇದೆ, ಆದ್ರೆ ಒಬ್ಬ ತಮ್ಮ ಈಗಾಗ್ಲೇ ರೋಡ್ ಪಕ್ಕದ ಎರಡು ಎಕರೆ ನಂದೇ ಅಂತ ಪಾರ್ಟಿ ಕರ್ಕೊಂಡು ಬಂದು ತೋರಿಸ್ತಿರ್ತಾನೆ. ತೋರ್ಸೋದೇ ಅಪರಾಧ ಅಂತ ಯಾರೂ ಅನ್ನಲ್ಲ, ಆದ್ರೆ ಅಡ್ವಾನ್ಸ್ ತಗೊಂಡು ಅಗ್ರಿಮೆಂಟ್ ಮಾಡಿದ್ರೆ ಮನೆಲಿ ಏನಾಗುತ್ತೆ ಅಂತ ಗೊತ್ತಲ್ಲ. ಮತ್ತೆ ಬುದ್ಧಿ ಇರೋ ಪಾರ್ಟಿ ಏನ್ ಮಾಡ್ತಾನೆ, ಜಮೀನು ಚೆನ್ನಾಗಿದೆ ಸ್ವಾಮಿ, ನಿಮ್ಮ ಭಾಗ ಆಗ್ಲಿ, ಆಮೇಲೆ ಬರ್ತೀನಿ ಅಂತ ಹೋಗ್ತಾನೆ. ಈ ಎರಡನೇದನ್ನ ಮನಸ್ಸಲ್ಲಿಟ್ಕೊಳ್ಳಿ, ಮುಂದೆ ಅದೇ ಮುಖ್ಯ ಆಗುತ್ತೆ.

2016ರ ಜುಲೈಲೇ ಬ್ರಿಟನ್ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅಂತ ಹೊಸ ಇಲಾಖೆ ಮಾಡ್ತು, ಲಿಯಾಮ್ ಫಾಕ್ಸ್ ಮಂತ್ರಿ ಆದ್ರು. ಸೆಪ್ಟೆಂಬರಲ್ಲಿ ಚೀನಾದ ಹಾಂಗ್‌ಝೌನಲ್ಲಿ ಜಿ20 ಸಭೆ ಆದಾಗ ಕಮಿಷನ್ ಅಧ್ಯಕ್ಷ ಜಾನ್ ಕ್ಲೋಡ್ ಯುಂಕರ್, ಒಳಗಿರೋ ದೇಶ ಬೇರೆಯವರ ಜೊತೆ ವ್ಯಾಪಾರ ಒಪ್ಪಂದದ ಮಾತಾಡೋದು ತನಗೆ ಇಷ್ಟ ಇಲ್ಲ, ಅದು ಒಕ್ಕೂಟದ ಕೆಲಸ ಅಂತ ಬಾಯ್ಬಿಟ್ಟು ಹೇಳಿದ್ರು. ಅದಕ್ಕೇ ಬ್ರಿಟನ್ 'ನೆಗೋಶಿಯೇಷನ್' ಅನ್ನೋ ಪದದಿಂದ ದೂರ ಇದ್ದು ವರ್ಕಿಂಗ್ ಗ್ರೂಪ್, ಡೈಲಾಗ್ ಅಂತೆಲ್ಲ ಹೆಸರಿಟ್ಕೊಂಡು ನಡೆಸ್ತು. ಕಮಿಷನ್‌ಗೆ ಕೇಸ್ ಹಾಕೋ ಅಧಿಕಾರ ಇತ್ತು, ಆದ್ರೆ ಅಂಥ ಕೇಸ್ ತೀರ್ಪಾಗೋಕೆ ವರ್ಷಗಟ್ಟಲೆ ಬೇಕು, ಅಷ್ಟೊತ್ತಿಗೆ ಬ್ರಿಟನ್ ಆಚೆ ಹೋಗಿರುತ್ತೆ. ಹಾಗಾಗಿ ಪ್ರಾಕ್ಟಿಕಲ್ಲಾಗಿ ನೋಡಿದ್ರೆ ಈ ನಿಯಮ ನಿಂತಿದ್ದು ಕೋರ್ಟಿನ ಭಯಕ್ಕಿಂತ ಜಾಸ್ತಿ, ನಾಳೆ ಇದೇ ಒಕ್ಕೂಟದ ಜೊತೆ ನಮಗೂ ಒಂದು ಒಪ್ಪಂದ ಬೇಕಲ್ಲ ಅನ್ನೋ ಲೆಕ್ಕಾಚಾರದ ಮೇಲೆ.

ಗಂಟು ಸ್ವಲ್ಪ ಸಡಿಲ ಆಗಿದ್ದು 2018ರ ಮಾರ್ಚ್ 19ಕ್ಕೆ. ಅವತ್ತು ಬ್ರಸೆಲ್ಸಲ್ಲಿ ಒಕ್ಕೂಟದ ಪರ ಮಿಷೆಲ್ ಬಾರ್ನಿಯೆ, ಬ್ರಿಟನ್ ಪರ ಡೇವಿಡ್ ಡೇವಿಸ್ ಇಬ್ಬರೂ ಸೇರಿ ಬಿಡುಗಡೆ ಒಪ್ಪಂದದ ಕರಡು ತೋರಿಸಿದ್ರು. ಆ ಕರಡು ನೋಡೋಕೇ ಒಂಥರಾ ಇತ್ತು, ಪುಟ ಪುಟಕ್ಕೂ ಬಣ್ಣ. ಇಬ್ಬರೂ ಪೂರ್ತಿ ಒಪ್ಪಿದ ಸಾಲುಗಳಿಗೆ ಹಸಿರು, ಉದ್ದೇಶಕ್ಕೆ ಒಪ್ಪಿಗೆ ಇದ್ದು ಪದಗಳು ಇನ್ನೂ ಕೂಡಿ ಬರಬೇಕಾದ ಕಡೆ ಹಳದಿ, ಒಕ್ಕೂಟದ ಪ್ರಸ್ತಾಪ ಮಾತ್ರ ಆಗಿದ್ದು ಬಿಳಿ. ಹಸಿರಾಗಿದ್ದ ಭಾಗದಲ್ಲಿ ಪರಿವರ್ತನಾ ಅವಧಿಯ (ಆಚೆ ಹೋದ ಮೇಲೂ ಸ್ವಲ್ಪ ದಿನ ಹಳೇ ನಿಯಮಗಳೇ ನಡೆಯೋ ಟೈಮ್) ವ್ಯಾಪಾರ ಮಾತುಕತೆನೂ ಇತ್ತು. ಕೊನೆಗೆ ಸಹಿ ಆದ ಒಪ್ಪಂದದಲ್ಲಿ ಅದು 129ನೇ ವಿಧಿಯ ನಾಲ್ಕನೇ ಪ್ಯಾರಾ ಆಯ್ತು: ಆಚೆ ಹೋದ ಮೇಲಿನ ಪರಿವರ್ತನಾ ಅವಧಿಲಿ ಬ್ರಿಟನ್ ಬೇರೆ ದೇಶಗಳ ಜೊತೆ ಮಾತಾಡ್ಬೋದು, ಸಹಿ ಹಾಕ್ಬೋದು, ತನ್ನ ಸಂಸತ್ತಿಂದ ಅನುಮೋದನೆನೂ ಪಡೀಬೋದು, ಆದ್ರೆ ಒಕ್ಕೂಟ ಒಪ್ಪಿಗೆ ಕೊಡದ ಹೊರತು ಆ ಅವಧಿ ಮುಗಿಯೋವರೆಗೆ ಅದು ಜಾರಿಗೆ ಬರಬಾರ್ದು.

ಈ ಒಂದು ಪ್ಯಾರಾ ಇಡೀ ಕಾನೂನನ್ನ ಕಣ್ಮುಂದೆ ಇಡುತ್ತೆ ಅಂತ ನಂಗನ್ಸುತ್ತೆ. ಇದನ್ನ ಬರೀಬೇಕಾಯ್ತು ಅನ್ನೋದೇ, ಇಲ್ಲದೇ ಇದ್ದಿದ್ರೆ ಇದಕ್ಕೆ ಅವಕಾಶ ಇತ್ತಾ ಅನ್ನೋದು ಅನುಮಾನದಲ್ಲಿತ್ತು ಅನ್ನೋದಕ್ಕೆ ಸಾಕ್ಷಿ. ಬ್ರಿಟನ್ 2020ರ ಜನವರಿ 31ಕ್ಕೆ ಆಚೆ ಬಂತು, ಡಿಸೆಂಬರ್ 31ಕ್ಕೆ ಪರಿವರ್ತನೆ ಮುಗೀತು, ನಡುವೆ ಹನ್ನೊಂದು ತಿಂಗಳು. ಆ ಹನ್ನೊಂದು ತಿಂಗಳಲ್ಲಿ ಜಪಾನ್ ಜೊತೆ ಜೂನಲ್ಲಿ ಮಾತು ಶುರುವಾಗಿ ಅಕ್ಟೋಬರ್ 23ಕ್ಕೆ ಟೋಕಿಯೋದಲ್ಲಿ ಸಹಿ ಆಯ್ತು, 2021ರ ಜನವರಿ 1ಕ್ಕೆ ಜಾರಿ. ಇಷ್ಟು ಬೇಗ ಹೇಗಾಯ್ತು ಅಂದ್ರೆ ಒಕ್ಕೂಟ ಜಪಾನ್ ಜೊತೆ ಆಗ್ಲೇ ಮಾಡಿದ್ದ ಒಪ್ಪಂದವೇ ಅದರ ಅಡಿಪಾಯ. ಸ್ವಿಟ್ಜರ್‌ಲೆಂಡ್, ಚಿಲಿ, ದಕ್ಷಿಣ ಕೊರಿಯಾ ಜೊತೆ 2019ರಲ್ಲೇ, ಅಂದ್ರೆ ಇನ್ನೂ ಒಳಗಿದ್ದಾಗ್ಲೇ ಸಹಿ ಆಗಿದ್ದೂ ಇಂಥವೇ, ಹಳೇ ಒಕ್ಕೂಟದ ಒಪ್ಪಂದವನ್ನ ಬ್ರಿಟನ್ ಹೆಸರಿಗೆ ಖಾತೆ ಬದಲಾಯಿಸಿದ ಹಾಗೆ. ಅದಕ್ಕೆ ಒಕ್ಕೂಟ ತಕರಾರು ಮಾಡ್ಲಿಲ್ಲ, ಯಾಕಂದ್ರೆ ಅದರಿಂದ ಅದಕ್ಕೆ ಪೈಪೋಟಿ ಏನಿಲ್ಲ. ಫಾಕ್ಸ್ ಅವರು 2017ರಲ್ಲಿ, ಆಚೆ ಬಂದ ಮರುಕ್ಷಣಕ್ಕೇ ಇಂಥ 40 ಒಪ್ಪಂದ ರೆಡಿ ಇರುತ್ತೆ ಅಂತ ಹೇಳಿದ್ರು, 2019ರ ಮಾರ್ಚ್ ಬಂದಾಗ ಅದರ ಹತ್ತಿರಕ್ಕೂ ಬಂದಿರ್ಲಿಲ್ಲ.

ಅದಕ್ಕೆ ಕಾರಣ ಕಾನೂನಲ್ಲ, ಆ ಎರಡು ಎಕರೆ ನೋಡೋಕೆ ಬಂದ ಪಾರ್ಟಿ ಮಾತು. ನ್ಯೂಜಿಲೆಂಡಿನ ಕುರಿ ಮಾಂಸ ಒಂದನ್ನೇ ನೋಡಿ. ವಿಶ್ವ ವ್ಯಾಪಾರ ಸಂಸ್ಥೆಲಿ ಬ್ರಿಟನ್ ಸ್ವಂತ ಹೆಸರಲ್ಲಿ ಸದಸ್ಯ, ಆದ್ರೆ ಸುಂಕದ ಪಟ್ಟಿ ಮಾತ್ರ ಒಕ್ಕೂಟದ್ದೇ, ಜಂಟಿ ಪಹಣಿ ಇದ್ದ ಹಾಗೆ. ಆ ಪಟ್ಟಿ ಪ್ರಕಾರ ನ್ಯೂಜಿಲೆಂಡ್ ವರ್ಷಕ್ಕೆ ಸುಮಾರು 2.28 ಲಕ್ಷ ಟನ್ ಕುರಿ ಮಾಂಸ ಸುಂಕ ಇಲ್ದೆ ಒಕ್ಕೂಟದೊಳಗೆ ತರಬೋದಿತ್ತು. ಬ್ರಿಟನ್ ಹೋಗ್ತಿದೆ ಅಂದಾಗ ಈ ಕೋಟಾ ಏನು ಮಾಡೋದು? ಇಬ್ಬರೂ ಸೇರಿ ಹಂಚ್ಕೋತೀವಿ, ಅರ್ಧ ಅರ್ಧ ಅಂದ್ರು. ಕಾಗದದ ಮೇಲೆ ಲೆಕ್ಕ ಸರಿ ಇದೆ, ಒಟ್ಟು ಅಷ್ಟೇ ಇದೆ. ಆದ್ರೆ ನ್ಯೂಜಿಲೆಂಡ್ ವ್ಯಾಪಾರಿ ದೃಷ್ಟಿಲಿ ನೋಡಿ, ಮೊದ್ಲು ಇಂಗ್ಲೆಂಡಲ್ಲಿ ಡಿಮ್ಯಾಂಡ್ ಕಮ್ಮಿ ಆದ್ರೆ ಅದೇ ಕಂಟೇನರನ್ನ ಫ್ರಾನ್ಸಿಗೋ ಜರ್ಮನಿಗೋ ತಿರುಗಿಸ್ಬೋದಿತ್ತು, ಈಗ ಅರ್ಧ ಇಲ್ಲೇ ಮಾರ್ಬೇಕು ಅರ್ಧ ಅಲ್ಲೇ ಮಾರ್ಬೇಕು, ಅವನ ಆಯ್ಕೆ ಹೋಯ್ತು. 2017ರ ಸೆಪ್ಟೆಂಬರಲ್ಲಿ ನ್ಯೂಜಿಲೆಂಡ್, ಅಮೆರಿಕ, ಕೆನಡಾ, ಬ್ರೆಜಿಲ್ ಸೇರಿ ಏಳು ದೇಶ ಇದನ್ನ ಒಪ್ಪಲ್ಲ ಅಂತ ಪತ್ರ ಬರೆದ್ವು. ಬಾಯಲ್ಲಿ ಬ್ರಿಟನ್ ಜೊತೆ ಡೀಲ್ ಬೇಕು ಅಂತಿದ್ದ ದೇಶಗಳೇ ಇವು.

ಇದರ ಜೊತೆ ಬ್ರಿಟನ್ ಒಕ್ಕೂಟದ ಜೊತೆ ಮುಂದೆ ಯಾವ ಥರ ಇರುತ್ತೆ ಅನ್ನೋದೇ ತೀರ್ಮಾನ ಆಗಿರ್ಲಿಲ್ಲ. 2018ರ ನವೆಂಬರಲ್ಲಿ ಮೇ ತಂದ ಒಪ್ಪಂದದಲ್ಲಿ ಬ್ರಿಟನ್ನಿನ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲೇ ಉಳಿಯೋ ಐರ್ಲೆಂಡಿಗೂ ನಡುವಿನ ಗಡಿಲಿ ತಪಾಸಣೆ ಬರದೇ ಇರ್ಲಿ ಅಂತ ಒಂದು ಬ್ಯಾಕ್‌ಸ್ಟಾಪ್ ಇತ್ತು, ಬೇರೆ ದಾರಿ ಸಿಗೋವರೆಗೆ ಇಡೀ ಬ್ರಿಟನ್ ಮತ್ತೆ ಒಕ್ಕೂಟ ಒಂದೇ ಸುಂಕ ಪ್ರದೇಶ ಅಂತ. ಅಂದ್ರೆ ಆಚೆ ಹೋದ ಮೇಲೂ ಸಾಮಾನಿನ ಸುಂಕದ ಮೇಲೆ ಸ್ವಂತ ಹಿಡಿತ ಇಲ್ಲ. ಸಂಸತ್ತು 2019ರ ಜನವರಿ 15ಕ್ಕೆ ಅದನ್ನ 202ಕ್ಕೆ 432 ವೋಟಲ್ಲಿ ತಳ್ಳಿ ಹಾಕ್ತು. ಇಷ್ಟೆಲ್ಲ ಅಲ್ಲಾಡ್ತಿರೋ ದೇಶದ ಜೊತೆ ಇಂಡಿಯಾ ಆಗ್ಲಿ ಅಮೆರಿಕ ಆಗ್ಲಿ ಸುಂಕದ ಬಗ್ಗೆ ಕೊನೇ ಮಾತು ಆಡೋದು ಹೇಗೆ, ಅವರು ಕೊಡೋಕೆ ಏನಿದೆ ಅನ್ನೋದೇ ಗೊತ್ತಿಲ್ಲ.

ಈಗ ನಾನು ಮೊದ್ಲು ಹೇಳಿದ ಬೇಜಾರಿಗೆ ಬರ್ತೀನಿ. 2016ರಲ್ಲಿ ಮೇ ಬಂದಾಗ ದೆಹಲಿಲಿ ಇಂಡಿಯಾ ಎತ್ತಿದ ಮುಖ್ಯ ವಿಷ್ಯ ಸುಂಕ ಅಲ್ಲ. ನಮ್ಮ ಹುಡುಗರು ಓದೋಕೆ, ಸಂಶೋಧನೆಗೆ ಸುಲಭವಾಗಿ ಬರೋ ಹಾಗೆ ಮಾಡಿ ಅಂತ ಪ್ರಧಾನಿ ಮೋದಿ ಮೇ ಎದುರಿಗೇ ಹೇಳಿದ್ರು. ಓದು ಮುಗಿದ ಮೇಲೆ ಎರಡು ವರ್ಷ ಅಲ್ಲೇ ಕೆಲಸ ಮಾಡೋಕೆ ಇದ್ದ ವೀಸಾನ 2012ರಲ್ಲಿ ತೆಗೆದಿದ್ರು, ಆಗ ಗೃಹ ಮಂತ್ರಿ ಆಗಿದ್ದವರು ಇದೇ ತೆರೇಸಾ ಮೇ. ಈ ವೀಸಾ ವಿಷಯದಲ್ಲಿ ಒಕ್ಕೂಟದ ಕಾನೂನು ಬ್ರಿಟನ್ ಕೈ ಕಟ್ಟಿತ್ತಾ? ಒಂಚೂರೂ ಇಲ್ಲ. ಇಂಡಿಯಾದವರಿಗೆ ಯಾವ ವೀಸಾ ಕೊಡ್ಬೇಕು ಅನ್ನೋದು ಸದಸ್ಯ ಆಗಿದ್ದಾಗ್ಲೂ ಲಂಡನ್ನಿನ ಕೈಲೇ ಇತ್ತು. ಕಾನೂನು ತಡೆದಿದ್ದು ಸುಂಕನ, ನಾವು ಕೇಳಿದ್ದು ವೀಸಾನ. ಆ ವೀಸಾ ಬೇರೆ ಹೆಸರಲ್ಲಿ ವಾಪಸ್ ಬಂದಿದ್ದು 2021ರ ಜುಲೈಗೆ.

ಇನ್ನು ಪೇಸ್ಲಿಪ್ ವಿಷ್ಯ. ಬೆಂಗಳೂರಿಂದ ಪ್ರಾಜೆಕ್ಟ್ ಮೇಲೆ ಲಂಡನ್ನಿಗೋ ಮ್ಯಾಂಚೆಸ್ಟರಿಗೋ ಆನ್‌ಸೈಟ್ ಹೋದವರನ್ನ ಕೇಳಿ, ಮೊದಲ 52 ವಾರ ವಿನಾಯ್ತಿ ಇರುತ್ತೆ, ಅದು ಮುಗಿದ ಮೇಲೆ ಸಂಬಳದಲ್ಲಿ ನ್ಯಾಷನಲ್ ಇನ್ಶೂರೆನ್ಸ್, ಅಂದ್ರೆ ಅಲ್ಲಿನ ಸಾಮಾಜಿಕ ಭದ್ರತೆಗೆ ಕಟ್ಟೋ ದುಡ್ಡು, ಅಂತ ಒಂದು ಲೈನ್ ಕಾಣ್ಸೋಕೆ ಶುರುವಾಗುತ್ತೆ. ಅಲ್ಲಿ ಪಿಂಚಣಿ ಸಿಗ್ಬೇಕಂದ್ರೆ ಕನಿಷ್ಠ ಹತ್ತು ವರ್ಷ ಕಟ್ಟಿರ್ಬೇಕು. ಎರಡು ಮೂರು ವರ್ಷಕ್ಕೆ ವಾಪಸ್ ಬರೋ ನಮ್ಮ ಹುಡುಗ ಹುಡುಗೀರಿಗೆ ಆ ದುಡ್ಡಿಂದ ಪಿಂಚಣಿ ಅಂತ ಏನೂ ಬರಲ್ಲ, ಊರಲ್ಲಿ ಪಿಎಫ್ ಕಟ್ತಿದ್ರೆ ಎರಡೆರಡು ಕಡೆ ಕಟ್ಟಿದ ಹಾಗೆ.

ಬ್ರಿಟನ್ ಜೊತೆ ಮುಕ್ತ ವ್ಯಾಪಾರದ ಅಧಿಕೃತ ಮಾತುಕತೆ 2022ರ ಜನವರಿಲಿ ಶುರುವಾಯ್ತು, 2025ರ ಮೇ 6ಕ್ಕೆ ಮುಗೀತು, ಜುಲೈ 24ಕ್ಕೆ ಬ್ರಿಟನ್ ಪ್ರಧಾನಿಗಳ ಚೆಕರ್ಸ್ ಬಂಗಲೆಲಿ ಮೋದಿ ಮತ್ತೆ ಆಗಿನ ಬ್ರಿಟನ್ ಪ್ರಧಾನಿ ಕಿಯರ್ ಸ್ಟಾರ್ಮರ್ ಎದುರು ಸಹಿ ಬಿತ್ತು. ವಿಸ್ಕಿ ಸುಂಕ 150ರಿಂದ 75ಕ್ಕೆ, ಹತ್ತು ವರ್ಷಕ್ಕೆ 40ಕ್ಕೆ ಇಳಿಸೋದು ಅಂತ ಇದೆ. ಇದು ಒಕ್ಕೂಟದಲ್ಲಿ ಇದ್ದಿದ್ರೆ ಬ್ರಿಟನ್ ಒಂಟಿಯಾಗಿ ಮಾಡೋಕೆ ಆಗ್ತಿರ್ಲಿಲ್ಲ, ಅದು ನಿಜ. ಅದರ ಜೊತೆಗೇ ಇನ್ನೊಂದು ಒಪ್ಪಿಗೆನೂ ಆಯ್ತು, ಕಂಪನಿ ಕಳಿಸಿದ ನೌಕರರು ಮೂರು ವರ್ಷದವರೆಗೆ ತಮ್ಮ ದೇಶದಲ್ಲಿ ಮಾತ್ರ ಸಾಮಾಜಿಕ ಭದ್ರತೆ ದುಡ್ಡು ಕಟ್ಟಿದ್ರೆ ಸಾಕು ಅಂತ. ನಮ್ಮ ಐಟಿ ಕಂಪನಿಗಳಿಗೆ ಇದು ದೊಡ್ಡ ವಿಷ್ಯ, ಬ್ರೆಕ್ಸಿಟ್ಟಿಂದ ಸಿಕ್ಕಿದ್ದು ಅಂತನೇ ತುಂಬ ಜನ ತಿಳ್ಕೊಂಡಿದಾರೆ.

ಆದ್ರೆ ಸಾಮಾಜಿಕ ಭದ್ರತೆ ಬಗ್ಗೆ ಹೊರದೇಶದ ಜೊತೆ ಒಪ್ಪಂದ ಮಾಡ್ಕೊಳ್ಳೋ ಅಧಿಕಾರ ಸದಸ್ಯ ದೇಶಗಳ ಹತ್ರ ಯಾವಾಗ್ಲೂ ಇತ್ತು. ಒಕ್ಕೂಟದ ರಾಜಧಾನಿ ಥರ ಇರೋ ಬ್ರಸೆಲ್ಸ್ ಇರೋದು ಬೆಲ್ಜಿಯಮ್ಮಲ್ಲಿ, ಆ ಬೆಲ್ಜಿಯಂ ಇಂಡಿಯಾ ಜೊತೆ ಇಂಥದೇ ಒಪ್ಪಂದ 2009ರ ಸೆಪ್ಟೆಂಬರಿಂದ ಜಾರಿಗೆ ತಂದಿದೆ, ಜರ್ಮನಿ, ಫ್ರಾನ್ಸ್, ನೆದರ್‌ಲೆಂಡ್ಸ್ ಕೂಡ ಒಕ್ಕೂಟದೊಳಗೇ ಇದ್ಕೊಂಡು ಮಾಡ್ಕೊಂಡಿವೆ. ಹಲಸೂರಿನ ದೇವಸ್ಥಾನಕ್ಕೆ ಮೇ ಬಂದ ಆ ಮಂಗಳವಾರನೇ ಬ್ರಿಟನ್ ಇದಕ್ಕೆ ಸಹಿ ಹಾಕ್ಬೋದಿತ್ತು, ಬ್ರಸೆಲ್ಸಲ್ಲಿ ಯಾರನ್ನೂ ಕೇಳ್ಬೇಕಾಗಿರ್ಲಿಲ್ಲ.